ಚಿಕ್ಕ ಹಡಗಿನ ರಾಡಾರ್: ಪರದೆಯ ಮೇಲಿನ ಅಂಕಿಯನ್ನು ಎಷ್ಟು ನಂಬಬೇಕು, ಮಾಸ್ಟ್ ಮೇಲೆ ಜನರಿದ್ದಾಗ ಏನು ಮಾಡಬೇಕು?

ಪ್ರಶ್ನೆ: ಕಿರಿಯ ನಾವಿಕ

ಮಾನ್ಯರೇ,

300 ಟನ್ನೇಜ್‌ಗಿಂತ ಚಿಕ್ಕದಾದ ಸರಬರಾಜು ಹಡಗೊಂದರಲ್ಲಿ ರಾತ್ರಿ ವಾಚ್‌ನ (ಕಾವಲು ಪಾಳಿಯ) ಹೊಣೆ ಇತ್ತೀಚೆಗೆ ನನಗೆ ಬಂದಿದೆ. ನಮ್ಮಲ್ಲಿರುವುದು ಒಂದೇ ರಾಡಾರ್. ಅದು 6 ಕಿಲೋವಾಟ್‌ನ ಎಕ್ಸ್ ಬ್ಯಾಂಡ್ (ಸುಮಾರು 3 ಸೆಂಟಿಮೀಟರ್ ತರಂಗದ) ಯಂತ್ರ. ನಾಲ್ಕು ಅಡಿಯ ತೆರೆದ ಆಂಟೆನಾ ನೀರಿನ ಮಟ್ಟದಿಂದ ಸುಮಾರು 9 ಮೀಟರ್ ಎತ್ತರದಲ್ಲಿದೆ. ಹಡಗಿನ ಮುಖ ಯಾವ ದಿಕ್ಕಿಗಿದೆ ಎಂಬುದನ್ನು ರಾಡಾರ್‌ಗೆ ತಿಳಿಸುವುದು ಗೈರೋ ಅಲ್ಲ, ಕಾಂತೀಯ ದಿಕ್ಸೂಚಿ ಸಂವೇದಕ. ವೇಗದ ಮಾಹಿತಿ ಜಿ.ಪಿ.ಎಸ್.ನಿಂದ ಬರುತ್ತದೆ.

ನನ್ನ ಸಂದೇಹಗಳು ಮೂರು. ಗೇನ್ (ಮರಳುವ ಸಂಕೇತವನ್ನು ಹಿಗ್ಗಿಸುವ ಹೊಂದಿಕೆ) ಮತ್ತು ಸೀ ಕ್ಲಟರ್ (ಅಲೆಗಳ ಪ್ರತಿಧ್ವನಿಯನ್ನು ತಗ್ಗಿಸುವ ಹೊಂದಿಕೆ) ಎರಡನ್ನೂ ಆಟೋದಲ್ಲಿ ಇಟ್ಟರೆ ಪರದೆ ಸ್ವಚ್ಛವಾಗಿ ಕಾಣುತ್ತದೆ. ಆದರೆ ಒಂದು ಮೈಲಿಗಿಂತ ಕಡಿಮೆ ದೂರದಲ್ಲಿ ಬರಿಗಣ್ಣಿಗೆ ದೀಪ ಕಾಣುತ್ತಿದ್ದ ಮರದ ಮೀನುಗಾರಿಕಾ ದೋಣಿಯೊಂದು ಪರದೆಯಲ್ಲಿ ಇರಲೇ ಇಲ್ಲ. ಆಟೋ ತೆಗೆದರೆ ದೋಣಿ ಕಾಣುತ್ತದೆ, ಆದರೆ ಪರದೆಯ ನಡುಭಾಗವೆಲ್ಲ ಅಲೆಗಳ ಪ್ರತಿಧ್ವನಿಯಿಂದ ತುಂಬಿಹೋಗುತ್ತದೆ. ಇವುಗಳ ನಡುವೆ ಸರಿಯಾದ ಹದ ಯಾವುದು?

ಎರಡನೆಯದು ಹೀಗಿದೆ. ತುಂತುರು ಮಳೆಯಲ್ಲಿ ಮುಂದೆ ಬಲಬದಿಯಿಂದ ಬರುತ್ತಿದ್ದ ಹಡಗೊಂದನ್ನು ಟಾರ್ಗೆಟ್ ಆಗಿ ಹಿಡಿದಾಗ ಸಿ.ಪಿ.ಎ. (ಎರಡು ಹಡಗುಗಳು ಅತಿ ಸಮೀಪಕ್ಕೆ ಬಂದಾಗ ಉಳಿಯುವ ಅಂತರ) 0.8 ಮೈಲಿ ಎಂದು ಕಾಣಿಸಿತು. ಸ್ವಲ್ಪ ಹೊತ್ತಿಗೆ ಅದು 0.3 ಆಯಿತು, ಮತ್ತೆ 1.1 ಆಯಿತು. ಇವುಗಳಲ್ಲಿ ಯಾವ ಅಂಕಿಯನ್ನು ಆಧಾರವಾಗಿ ಹಿಡಿದು ನಿರ್ಧಾರಕ್ಕೆ ಬರಬೇಕು?

ಕೊನೆಯದು, ಮುಂದಿನ ಬಂದರಿನಲ್ಲಿ ಮಾಸ್ಟ್‌ಗೆ ಬಣ್ಣ ಬಳಿಯುವ ಕೆಲಸವಿದೆ. ರಾಡಾರ್ ಸ್ಟ್ಯಾಂಡ್‌ಬೈನಲ್ಲಿ ಇದ್ದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು ವಿಕಿರಣಕ್ಕೆ ಹೆದರಿ, ಹಡಗು ಸಾಗುತ್ತಿರುವಾಗ ಬ್ರಿಡ್ಜ್‌ನ ಹೊರಗಿನ ಅಂಚಿಗೂ ಬರಲು ಒಪ್ಪುವುದಿಲ್ಲ. ಇದರಲ್ಲಿ ನಿಜವೆಷ್ಟು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ದೂರಸಾಗರ

ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಎರಡನೆಯದರ ಉತ್ತರವೂ ಅದನ್ನೇ ಅವಲಂಬಿಸಿದೆ. ಅಲೆಯಿಂದ ಬಂದ ಪ್ರತಿಧ್ವನಿ ಯಾವುದು, ದೋಣಿಯಿಂದ ಬಂದದ್ದು ಯಾವುದು ಎಂದು ಗುರುತಿಸುವ ಬುದ್ಧಿ ಆಟೋ ವ್ಯವಸ್ಥೆಗೆ ಇಲ್ಲ. ಹತ್ತಿರದಿಂದ ಮರಳುವ ಸಂಕೇತಗಳ ಬಲವನ್ನು ಅಳೆದು, ಒಂದು ಮಟ್ಟಕ್ಕಿಂತ ಕೆಳಗಿರುವುದನ್ನೆಲ್ಲ ಒಟ್ಟಾಗಿ ತಗ್ಗಿಸುವುದಷ್ಟೇ ಅದರ ಕೆಲಸ. ಮರ ಮತ್ತು ಫೈಬರ್ ದೋಣಿಗಳು ರಾಡಾರ್ ತರಂಗವನ್ನು ಬಹಳ ದುರ್ಬಲವಾಗಿ ಹಿಂತಿರುಗಿಸುವುದರಿಂದ ಅವು ಅಲೆಗಳ ಜೊತೆಯಲ್ಲೇ ಅಳಿಸಿಹೋಗುತ್ತವೆ. ಆದ್ದರಿಂದ ಪರದೆ ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ಸಮುದ್ರ ಖಾಲಿಯಾಗಿದೆ ಎಂದು ತಿಳಿಯಬಾರದು. ನನ್ನ ಮಟ್ಟಿಗೆ, ಅಲೆಯಿರುವ ರಾತ್ರಿಯಲ್ಲಿ ನಡುಭಾಗ ಪೂರ್ತಿ ಕಪ್ಪಾಗಿರುವ ಪರದೆಯೇ ಹೆಚ್ಚು ಅನುಮಾನಕ್ಕೆ ಅರ್ಹವಾದದ್ದು.

ಕೈಯಿಂದ ಹೊಂದಿಸುವಾಗ ಕ್ರಮ ಮುಖ್ಯ. ಮೊದಲು ಸೀ ಕ್ಲಟರ್ ಮತ್ತು ರೇನ್ ಕ್ಲಟರ್ (ಮಳೆಯ ಪ್ರತಿಧ್ವನಿಯನ್ನು ತಗ್ಗಿಸುವ ಹೊಂದಿಕೆ) ಎರಡನ್ನೂ ಸೊನ್ನೆಗೆ ಇಳಿಸಿ, 6 ಅಥವಾ 12 ಮೈಲಿಯ ರೇಂಜ್‌ನಲ್ಲಿ ಪರದೆಯುದ್ದಕ್ಕೂ ತೆಳುವಾಗಿ ಚುಕ್ಕೆಗಳು ಹರಡುವವರೆಗೆ ಗೇನ್ ಏರಿಸಬೇಕು. ಆ ಚುಕ್ಕೆಗಳು ಯಂತ್ರದ ಒಳಗಿನ ಗದ್ದಲ. ಅವು ಮಸುಕಾಗಿ ಕಾಣುತ್ತಿದ್ದರೆ ದುರ್ಬಲ ಪ್ರತಿಧ್ವನಿಗೂ ಪರದೆಯ ಮೇಲೆ ಜಾಗವಿದೆ ಎಂದು ಅರ್ಥ. ಅನಂತರ ಸೀ ಕ್ಲಟರ್ ಅನ್ನು ನಿಧಾನವಾಗಿ ಏರಿಸುತ್ತ ಹೋಗಿ, ನಡುವಿನ ಬಿಳಿ ರಾಶಿ ಒಡೆದು ಬಿಡಿಬಿಡಿ ಚುಕ್ಕೆಗಳಾದಾಗ ನಿಲ್ಲಿಸಿ. ಗಾಳಿ ಬರುವ ಕಡೆಯಲ್ಲಿ ಅಲೆಯ ಪ್ರತಿಧ್ವನಿ ಹೆಚ್ಚು ದೂರದವರೆಗೆ ಇರುತ್ತದೆ. ಆ ಕಡೆಯನ್ನೂ ಪೂರ್ತಿ ಅಳಿಸಲು ಹೊರಟರೆ ಇನ್ನೊಂದು ಕಡೆಯ ದೋಣಿಗಳು ಕಳೆದುಹೋಗುತ್ತವೆ. ಅಲೆಯ ಚುಕ್ಕೆ ಪ್ರತಿ ಸುತ್ತಿನಲ್ಲೂ ಜಾಗ ಬದಲಿಸುತ್ತದೆ, ದೋಣಿಯ ಚುಕ್ಕೆಯಾದರೋ ಬಹುತೇಕ ಅದೇ ಜಾಗದಲ್ಲಿ ಮತ್ತೆ ಮತ್ತೆ ಮೂಡುತ್ತದೆ. ಇದನ್ನು ಗುರುತಿಸಬೇಕಾದದ್ದು ನಿಮ್ಮ ಕಣ್ಣು, ಮತ್ತು ಅದಕ್ಕೆ ಪರದೆಯ ಮುಂದೆ ಹಲವು ಸುತ್ತುಗಳ ತಾಳ್ಮೆ ಬೇಕು.

ರೇಂಜ್ ಬದಲಿಸಿದಾಗ ಯಂತ್ರವು ಪಲ್ಸ್‌ನ (ಒಂದು ಸಲಕ್ಕೆ ಹೊರಡುವ ತರಂಗದ ತುಣುಕಿನ) ಉದ್ದವನ್ನೂ ಬದಲಿಸುವುದರಿಂದ ಹೊಂದಿಕೆಯನ್ನು ಮತ್ತೊಮ್ಮೆ ನೋಡಬೇಕು. 1 ಮೈಕ್ರೋಸೆಕೆಂಡ್‌ನ ಉದ್ದ ಪಲ್ಸ್‌ನಲ್ಲಿ, ಒಂದೇ ದಿಕ್ಕಿನಲ್ಲಿ ಹಿಂದೆ ಮುಂದೆ ಇರುವ ಎರಡು ವಸ್ತುಗಳ ನಡುವೆ ಸುಮಾರು 150 ಮೀಟರ್ ಅಂತರವಿಲ್ಲದಿದ್ದರೆ ಅವು ಒಂದಾಗಿಯೇ ಕಾಣುತ್ತವೆ, 0.08 ಮೈಕ್ರೋಸೆಕೆಂಡ್‌ನಲ್ಲಿ ಆ ಅಂತರ 12 ಮೀಟರ್‌ಗೆ ಇಳಿಯುತ್ತದೆ. ಅಡ್ಡಕ್ಕೆ ಬೇರ್ಪಡಿಸುವ ಶಕ್ತಿ ಆಂಟೆನಾದ ಅಗಲಕ್ಕೆ ಸೇರಿದ್ದು. ನಾಲ್ಕು ಅಡಿಯ ಆಂಟೆನಾದ ಕಿರಣ ಸುಮಾರು 2 ಡಿಗ್ರಿ ಅಗಲವಿದೆ ಎಂದುಕೊಂಡರೆ, 6 ಮೈಲಿ ದೂರದಲ್ಲಿ ಅದು 400 ಮೀಟರ್‌ಗೆ ಸಮೀಪದಷ್ಟು ಹರಡಿರುತ್ತದೆ. ಅಲ್ಲಿ ಪಕ್ಕಪಕ್ಕದಲ್ಲಿ ಸಾಗುವ ಎರಡು ದೋಣಿಗಳು ನಿಮಗೆ ಒಂದೇ ಹಡಗಾಗಿ ತೋರಬಹುದು.

ದೂರದ ಲೆಕ್ಕವನ್ನೂ ತಿಳಿದಿರಿ. ಆಂಟೆನಾದ ಎತ್ತರ ಮತ್ತು ಎದುರಿನ ವಸ್ತುವಿನ ಎತ್ತರ, ಈ ಎರಡರ ವರ್ಗಮೂಲಗಳನ್ನು ಕೂಡಿಸಿ 2.2ರಿಂದ ಗುಣಿಸಿದರೆ ಸಾಮಾನ್ಯ ಹವೆಯಲ್ಲಿ ರಾಡಾರ್ ದಿಗಂತ ಎಷ್ಟು ನಾಟಿಕಲ್ ಮೈಲಿ ಎಂಬುದು ಸಿಗುತ್ತದೆ. ನಿಮ್ಮ 9 ಮೀಟರ್‌ನ ಆಂಟೆನಾಗೆ 1 ಮೀಟರ್ ಎತ್ತರದ ದೋಣಿ 8.8 ಮೈಲಿಗಿಂತ ಆಚೆ ಇದ್ದರೆ ಯಾವ ಹೊಂದಿಕೆಯಲ್ಲೂ ಕಾಣುವುದಿಲ್ಲ. ಮರದ ದೋಣಿಯಾದರೆ ಅದು ನಿಜವಾಗಿ ಕಾಣಿಸಿಕೊಳ್ಳುವುದು ಇದಕ್ಕಿಂತ ಬಹಳ ಹತ್ತಿರದಲ್ಲಿ. ಸುರಕ್ಷಿತ ವೇಗವನ್ನು ನಿರ್ಧರಿಸುವಾಗ ಚಿಕ್ಕ ದೋಣಿಗಳು ರಾಡಾರ್‌ಗೆ ಸಾಕಷ್ಟು ದೂರದಲ್ಲಿ ಸಿಗದೆ ಹೋಗಬಹುದು ಎಂಬುದನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು 1972ರ ಡಿಕ್ಕಿ ತಡೆ ನಿಯಮಗಳ 6ನೆಯ ನಿಯಮ ಹೇಳುವುದು ಇದೇ ಕಾರಣಕ್ಕೆ.

ಈಗ ಸಿ.ಪಿ.ಎ. ವಿಷಯಕ್ಕೆ ಬರೋಣ. ಒಂದು ಲೆಕ್ಕ ಮಾಡಿ ನೋಡಿ. ಎದುರಿನ ಹಡಗು ಮೊದಲು 8 ಮೈಲಿ ದೂರದಲ್ಲಿ 030 ಡಿಗ್ರಿ ಬೇರಿಂಗ್‌ನಲ್ಲಿತ್ತು (ಬೇರಿಂಗ್ ಎಂದರೆ ಅದು ನಮಗೆ ಕಾಣುವ ದಿಕ್ಕು), ಆರು ನಿಮಿಷಗಳ ಬಳಿಕ 6 ಮೈಲಿ ದೂರದಲ್ಲಿ 032 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳಿ. ಇದರ ಸಿ.ಪಿ.ಎ. ಸುಮಾರು 0.8 ಮೈಲಿ. ಆದರೆ ಬೇರಿಂಗ್‌ನ ಬದಲಾವಣೆಯಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದ್ದು, ಅದು ನಿಜವಾಗಿ 1 ಡಿಗ್ರಿಯಷ್ಟೇ ಆಗಿದ್ದರೆ ಸಿ.ಪಿ.ಎ. 0.4ಕ್ಕೆ ಇಳಿಯುತ್ತದೆ, 3 ಡಿಗ್ರಿಯಾಗಿದ್ದರೆ 1.2ಕ್ಕೆ ಏರುತ್ತದೆ. ಅಲೆಯಲ್ಲಿ ಹೊಯ್ದಾಡುವ ಚಿಕ್ಕ ಹಡಗಿನ ಕಾಂತೀಯ ಸಂವೇದಕದಲ್ಲಿ ಒಂದು ಡಿಗ್ರಿಯ ವ್ಯತ್ಯಾಸ ದೊಡ್ಡದೇನೂ ಅಲ್ಲ. ನೀವು ಕಂಡ 0.8, 0.3, 1.1 ಎಂಬ ಅಂಕಿಗಳು ಮೂರು ಬೇರೆ ಬೇರೆ ಸತ್ಯಗಳಲ್ಲ, ಒಂದೇ ಅನಿಶ್ಚಿತತೆಯ ಮೂರು ರೂಪಗಳು. ಅವುಗಳಲ್ಲಿ ಯಾವುದನ್ನೂ ಆರಿಸಿಕೊಳ್ಳಬೇಡಿ. ಬೇರಿಂಗ್ ಗಮನಾರ್ಹವಾಗಿ ಬದಲಾಗುತ್ತಿಲ್ಲ, ದೂರ ಮಾತ್ರ ಕಡಿಮೆಯಾಗುತ್ತಿದೆ ಎಂದಾದರೆ ಡಿಕ್ಕಿಯ ಅಪಾಯವಿದೆ ಎಂದೇ ಭಾವಿಸಿ. ಅರೆಬರೆ ಮಾಹಿತಿಯಿಂದ, ಅದರಲ್ಲೂ ರಾಡಾರ್‌ನ ಅರೆಬರೆ ಮಾಹಿತಿಯಿಂದ ಊಹೆಗೆ ಇಳಿಯಬಾರದು ಎಂದು 7ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಹಡಗು ಕಣ್ಣಿಗೆ ಕಾಣದೆ ರಾಡಾರ್‌ನಲ್ಲಿ ಮಾತ್ರ ಇದ್ದಾಗ, ನಾವು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವ ಅಡ್ಡ ಹಾಯುವ ಹಡಗುಗಳ ನಿಯಮ ಅನ್ವಯವಾಗುವುದಿಲ್ಲ. ದಾರಿ ಬಿಡಬೇಕಾದ ಹಡಗು, ದಾರಿ ಹಿಡಿದು ಸಾಗುವ ಹಡಗು ಎಂಬ ಭೇದವೇ ಅಲ್ಲಿಲ್ಲ. ಮಬ್ಬಿನಲ್ಲಿ ನಡೆಯುವುದು 19ನೆಯ ನಿಯಮ. ನಮ್ಮ ಬೀಮ್‌ಗಿಂತ (ಹಡಗಿನ ನೇರ ಅಡ್ಡ ದಿಕ್ಕಿಗಿಂತ) ಮುಂದಿರುವ ಹಡಗಿಗಾಗಿ, ಅದು ನಾವು ಹಿಂದಿಕ್ಕುತ್ತಿರುವ ಹಡಗಲ್ಲದಿದ್ದರೆ, ಸಾಧ್ಯವಾದಷ್ಟು ಮಟ್ಟಿಗೆ ಎಡಕ್ಕೆ ತಿರುಗಬಾರದು. ಬೀಮ್‌ನಲ್ಲಿ ಅಥವಾ ಅದಕ್ಕಿಂತ ಹಿಂದೆ ಇರುವ ಹಡಗಿನ ಕಡೆಗೂ ತಿರುಗಬಾರದು. ತಿರುಗಿದರೆ ಎದುರಿನವರ ರಾಡಾರ್‌ನಲ್ಲಿ ಎದ್ದು ಕಾಣುವಷ್ಟು ತಿರುಗಿ: 30 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು. ಐದೈದು ಡಿಗ್ರಿಯಂತೆ ಸರಿಯುವುದು ಅವರ ಪರದೆಯಲ್ಲಿ ಕಾಣುವುದೇ ಇಲ್ಲ. ಸುತ್ತ ಹಡಗುಗಳಿದ್ದು ತಿರುಗಲು ಜಾಗವಿಲ್ಲದಿದ್ದರೆ ವೇಗ ತಗ್ಗಿಸಿ.

1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟಕೆಟ್ ದ್ವೀಪದ ಆಚೆ ಆಂಡ್ರಿಯಾ ಡೋರಿಯಾ ಮತ್ತು ಸ್ಟಾಕ್‌ಹೋಮ್ ಎಂಬ ಎರಡು ಪ್ರಯಾಣಿಕ ಹಡಗುಗಳು ಡಿಕ್ಕಿ ಹೊಡೆದವು. 51 ಜನ ಸತ್ತರು, ಆಂಡ್ರಿಯಾ ಡೋರಿಯಾ ಮರುದಿನ ಬೆಳಿಗ್ಗೆ ಮುಳುಗಿತು. ಎರಡರಲ್ಲೂ ರಾಡಾರ್ ಕೆಲಸ ಮಾಡುತ್ತಿತ್ತು, ಎರಡೂ ಒಂದನ್ನೊಂದು ಮೈಲಿಗಳ ದೂರದಿಂದಲೇ ಕಂಡಿದ್ದವು. ಮಂಜಿನಲ್ಲಿದ್ದ ಆಂಡ್ರಿಯಾ ಡೋರಿಯಾ ಎದುರಿನ ಹಡಗಿನ ಚಲನೆಯನ್ನು ಗುರುತು ಹಾಕಿ ಲೆಕ್ಕ ಮಾಡದೆ ಎಡಕ್ಕೆ ಸ್ವಲ್ಪವೇ ಸರಿಯಿತು, ಸ್ಟಾಕ್‌ಹೋಮ್ ಬಲಕ್ಕೆ ತಿರುಗಿತು. 19ನೆಯ ನಿಯಮವನ್ನು ಓದುವ ಪ್ರತಿಯೊಬ್ಬರೂ ಈ ಘಟನೆಯನ್ನು ಜೊತೆಯಲ್ಲಿಟ್ಟುಕೊಂಡು ಓದಬೇಕು ಎಂಬುದು ನನ್ನ ಮನವಿ.

ಉತ್ತರ 2: ಸ್ಕ್ಯಾನರ್ ದುರಸ್ತಿಗಾರ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಡಗುಗಳಲ್ಲಿ ರಾಡಾರ್ ಘಟಕಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ವೃತ್ತಿ.

ಸ್ಟ್ಯಾಂಡ್‌ಬೈ ಖಂಡಿತ ಸಾಲದು. ಸ್ಟ್ಯಾಂಡ್‌ಬೈನಲ್ಲಿ ಇರುವ ಯಂತ್ರ ಒಂದೇ ಗುಂಡಿಯಷ್ಟು ದೂರದಲ್ಲಿ ಚಾಲನೆಗೆ ಸಿದ್ಧವಾಗಿರುತ್ತದೆ. ಬ್ರಿಡ್ಜ್‌ಗೆ ಬಂದ ಯಾರೋ ಒಬ್ಬರು, ಮೇಲೆ ಜನರಿದ್ದಾರೆಂದು ತಿಳಿಯದೆ, ಅದನ್ನು ಒತ್ತಿದರೆ ಮೊದಲು ಎದುರಾಗುವುದು ವಿಕಿರಣಕ್ಕಿಂತ ದೊಡ್ಡ ಅಪಾಯ: ತಟ್ಟನೆ ತಿರುಗತೊಡಗಿದ ಆಂಟೆನಾ ಬಡಿದು ಮನುಷ್ಯ ಮಾಸ್ಟ್‌ನಿಂದ ಕೆಳಗೆ ಬೀಳುವುದು. ಆದ್ದರಿಂದ ವಿದ್ಯುತ್ತನ್ನೇ ಕಡಿಯಬೇಕು. ಬ್ರೇಕರ್ ಇಳಿಸಿ ಬೀಗ ಹಾಕಬೇಕು ಅಥವಾ ಫ್ಯೂಸ್ ತೆಗೆದು ಕೆಲಸದ ಮೇಲ್ವಿಚಾರಕರ ಜೇಬಿನಲ್ಲಿ ಇಡಬೇಕು. ಸ್ಕ್ಯಾನರ್ ಘಟಕದಲ್ಲೇ (ಆಂಟೆನಾವನ್ನು ತಿರುಗಿಸುವ ಮೇಲಿನ ಘಟಕದಲ್ಲೇ) ಸುರಕ್ಷತಾ ಸ್ವಿಚ್ ಇದ್ದರೆ ಮೇಲೆ ಹತ್ತಿದವರು ಅದನ್ನೂ ಆಫ್ ಮಾಡಬೇಕು. ಪರದೆಯ ಮೇಲೆ ಎದ್ದು ಕಾಣುವ ಎಚ್ಚರಿಕೆಯ ಫಲಕ ತೂಗುಹಾಕಿ, ಎತ್ತರದ ಕೆಲಸದ ಪರವಾನಗಿ ಪತ್ರದಲ್ಲಿ ಇದೆಲ್ಲವನ್ನೂ ನಮೂದಿಸಿ. ಬೇರೊಂದು ಪರದೆಯಿಂದಲೂ ಅದೇ ಸ್ಕ್ಯಾನರ್ ಅನ್ನು ನಡೆಸುವ ಏರ್ಪಾಡು ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ವಿದ್ಯುತ್ ಇಲ್ಲದಿದ್ದರೂ ಬಲವಾದ ಗಾಳಿಗೆ ಕೆಲವು ಆಂಟೆನಾಗಳು ತಾವಾಗಿ ತಿರುಗುತ್ತವೆ ಎಂಬುದನ್ನೂ ಮೇಲೆ ಹತ್ತುವವರಿಗೆ ಹೇಳಬೇಕು. ಕೆಲಸ ಮುಗಿದ ಮೇಲೆ ಎಲ್ಲರೂ ಇಳಿದಿದ್ದಾರೆಂದು ಎಣಿಸಿ ನೋಡಿಯೇ ಫ್ಯೂಸ್ ಹಿಂದಿರುಗಲಿ.

ವಿಕಿರಣದ ಭಯದ ಬಗ್ಗೆ ಹೇಳುವುದಾದರೆ, ರಾಡಾರ್ ಹೊರಸೂಸುವುದು ಎಕ್ಸ್‌ರೇ ಬಗೆಯದಲ್ಲ, ಸೂಕ್ಷ್ಮತರಂಗ. ಅದರ ತಿಳಿದಿರುವ ಮುಖ್ಯ ಅಪಾಯವೆಂದರೆ ಅಂಗಾಂಶವನ್ನು ಬಿಸಿ ಮಾಡುವುದು. ರಕ್ತ ಹರಿದು ಆ ಬಿಸಿಯನ್ನು ಬೇಗನೆ ಒಯ್ಯಲಾಗದ ಕಣ್ಣಿನ ಮಸೂರದಂಥ ಭಾಗಗಳಿಗೆ ಅಪಾಯ ಹೆಚ್ಚು. 6 ಕಿಲೋವಾಟ್ ಎಂಬುದು ಪಲ್ಸ್ ಹೊರಡುವ ಕ್ಷಣದ ಶಿಖರ ಶಕ್ತಿ. 1 ಮೈಕ್ರೋಸೆಕೆಂಡ್‌ನ ಪಲ್ಸ್‌ಗಳು ಸೆಕೆಂಡಿಗೆ 500ರಂತೆ ಹೊರಟರೆ ಸರಾಸರಿ ಶಕ್ತಿ 3 ವಾಟ್ ಮಾತ್ರ ಆಗುತ್ತದೆ. ಆಂಟೆನಾ ತಿರುಗುತ್ತಿರುವಾಗ ಒಬ್ಬ ವ್ಯಕ್ತಿಯ ಮೇಲೆ ಕಿರಣ ಬೀಳುವುದು ಪ್ರತಿ ಸುತ್ತಿನ ಒಂದು ಸಣ್ಣ ಪಾಲಿನಷ್ಟು ಹೊತ್ತು. ಹೀಗಾಗಿ ಕಿರಣಕ್ಕಿಂತ ಕೆಳಗೆ ಇರುವ ಬ್ರಿಡ್ಜ್‌ನ ಅಂಚಿನಲ್ಲಿ ನಿಂತು ಕಾವಲು ಕಾಯುವವರು ಹೆದರಬೇಕಾಗಿಲ್ಲ. ಆದರೆ ನಿಂತ ಆಂಟೆನಾದಿಂದ ಪ್ರಸಾರವಾಗುತ್ತಿದ್ದರೆ ಕಿರಣ ಒಂದೇ ಜಾಗದ ಮೇಲೆ ಬೀಳುತ್ತಲೇ ಇರುತ್ತದೆ. ಅಂಥ ಆಂಟೆನಾದ ಮುಂದೆ, ಅದರ ಮಟ್ಟದಲ್ಲಿ, ಹತ್ತಿರ ನಿಲ್ಲುವುದು ಸಲ್ಲದು. ನಿಮ್ಮ ಯಂತ್ರದ ಕೈಪಿಡಿಯ ಆರಂಭದಲ್ಲಿ, ವಿಕಿರಣದ ತೀವ್ರತೆ ಚದರ ಮೀಟರಿಗೆ 100 ವಾಟ್ ಮತ್ತು 10 ವಾಟ್‌ಗೆ ಇಳಿಯುವ ದೂರಗಳನ್ನು ಸಾಮಾನ್ಯವಾಗಿ ಕೊಟ್ಟಿರುತ್ತಾರೆ. ಆ ಅಂಕಿಗಳನ್ನು ಬರೆದು ಬ್ರಿಡ್ಜ್‌ನಲ್ಲಿ ಅಂಟಿಸಿ. ಬಾಯಿಮಾತಿನ ವಾದಗಳು ಅಲ್ಲಿಗೆ ನಿಲ್ಲುತ್ತವೆ.

ಬಣ್ಣದ ಕೆಲಸ ಎಂದಿದ್ದೀರಿ, ಆದ್ದರಿಂದ ಇದನ್ನು ಸೇರಿಸುತ್ತೇನೆ: ಆಂಟೆನಾದಲ್ಲಿ ತರಂಗ ಹೊರಬರುವ ಮುಖಕ್ಕೆ ಎಂದೂ ಬಣ್ಣ ಬಳಿಯಬಾರದು. ಉಪ್ಪು ಮತ್ತು ಹೊಗೆಯ ಮಸಿಯನ್ನು ಸೌಮ್ಯ ಸಾಬೂನಿನ ನೀರಿನಿಂದ ಒರೆಸಿದರೆ ಸಾಕು. ಬಣ್ಣ ಕರಗಿಸುವ ದ್ರವಗಳನ್ನು ಅದರ ಹತ್ತಿರ ತರಬೇಡಿ. ಸ್ಕ್ಯಾನರ್ ಘಟಕದ ಮುಚ್ಚಳವನ್ನಂತೂ ತರಬೇತಿ ಇಲ್ಲದವರು ತೆರೆಯಲೇಬಾರದು. ಮ್ಯಾಗ್ನೆಟ್ರಾನ್‌ಗೆ (ರಾಡಾರ್ ತರಂಗವನ್ನು ಹುಟ್ಟಿಸುವ ಭಾಗಕ್ಕೆ) ಹೋಗುವ ವೋಲ್ಟೇಜ್ ಸಾವಿರಗಳಲ್ಲಿರುತ್ತದೆ, ಮತ್ತು ವಿದ್ಯುತ್ ಕಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ತೈಲ ಟರ್ಮಿನಲ್‌ಗೆ ಕಟ್ಟಿದಾಗ ರಾಡಾರ್ ಪರೀಕ್ಷಿಸುವ ಮೊದಲು ಟರ್ಮಿನಲ್‌ನವರ ಒಪ್ಪಿಗೆ ಪಡೆಯಿರಿ, ಏಕೆಂದರೆ ಸ್ಕ್ಯಾನರ್‌ನ ಮೋಟರ್ ಸಾಮಾನ್ಯವಾಗಿ ದಹನಶೀಲ ಆವಿಯ ನಡುವೆ ನಡೆಸಲು ಯೋಗ್ಯವಾದದ್ದಲ್ಲ.

ಮರುಪ್ರಶ್ನೆ: ಕಿರಿಯ ನಾವಿಕ

ಇಬ್ಬರಿಗೂ ಕೃತಜ್ಞತೆಗಳು. ಒಂದು ಡಿಗ್ರಿಯ ತಪ್ಪಿಗೆ ಸಿ.ಪಿ.ಎ. ಅರ್ಧಕ್ಕೆ ಇಳಿಯುವ ಲೆಕ್ಕವನ್ನು ನಾನೇ ಕಾಗದದ ಮೇಲೆ ಹಾಕಿ ನೋಡಿದೆ. ಇನ್ನೆರಡು ವಿಷಯಗಳು ಉಳಿದಿವೆ. ವೇಗವನ್ನು ಜಿ.ಪಿ.ಎಸ್.ನಿಂದ ಪಡೆಯುವುದರಿಂದ ಈ ಲೆಕ್ಕಗಳಲ್ಲಿ ದೋಷ ಬರುತ್ತದೆಯೇ? ಮತ್ತು ಎ.ಐ.ಎಸ್. (ಹಡಗುಗಳು ತಮ್ಮ ಹೆಸರು, ಸ್ಥಾನವನ್ನು ರೇಡಿಯೊದಲ್ಲಿ ತಾವೇ ಪ್ರಸಾರ ಮಾಡುವ ವ್ಯವಸ್ಥೆ) ಗುರುತುಗಳನ್ನು ರಾಡಾರ್ ಪರದೆಯ ಮೇಲೆಯೇ ತೋರಿಸುವಂತೆ ಇಟ್ಟುಕೊಳ್ಳುವುದು ಒಳ್ಳೆಯದೇ?

ಉತ್ತರ 3: ತರಬೇತಿ ಕೊಠಡಿ

ಸಿ.ಪಿ.ಎ. ಮತ್ತು ಅದಕ್ಕೆ ಉಳಿದಿರುವ ಸಮಯ ಎರಡೂ ಸಾಪೇಕ್ಷ ಚಲನೆಯಿಂದ ಹುಟ್ಟುವ ಅಂಕಿಗಳಾದ್ದರಿಂದ ವೇಗದ ಮೂಲ ಯಾವುದಾದರೂ ಅವು ಕೆಡುವುದಿಲ್ಲ. ಕೆಡುವುದು ಎದುರಿನ ಹಡಗಿನ ಮುಖ ಯಾವ ಕಡೆಗಿದೆ ಎಂಬ ನಿಮ್ಮ ತಿಳಿವಳಿಕೆ. ಜಿ.ಪಿ.ಎಸ್. ಕೊಡುವುದು ನೆಲಕ್ಕೆ ಸಂಬಂಧಿಸಿದ ವೇಗ. ಅಡ್ಡಕ್ಕೆ ಪ್ರವಾಹ ಹರಿಯುತ್ತಿರುವಲ್ಲಿ ಟಾರ್ಗೆಟ್‌ನ ಟ್ರೂ ವೆಕ್ಟರ್ (ಅದರ ಸ್ವಂತ ಚಲನೆಯನ್ನು ತೋರಿಸುವ ಗೆರೆ) ಅದರ ಮುಖದ ದಿಕ್ಕನ್ನು ತೋರಿಸದೆ, ಪ್ರವಾಹದೊಂದಿಗೆ ಅದು ಸರಿಯುತ್ತಿರುವ ದಿಕ್ಕನ್ನು ತೋರಿಸುತ್ತದೆ. ಮುಖಾಮುಖಿ ಬರುತ್ತಿರುವ ಹಡಗು ಆಗ ಅಡ್ಡ ಹಾಯುವಂತೆ ಕಾಣಬಹುದು. ಅದರ ದೀಪಗಳು ಒಂದು ಹೇಳುತ್ತವೆ, ಪರದೆ ಇನ್ನೊಂದು ಹೇಳುತ್ತದೆ. ಡಿಕ್ಕಿ ತಪ್ಪಿಸುವ ಕೆಲಸಕ್ಕೆ ನೀರಿಗೆ ಸಂಬಂಧಿಸಿದ ವೇಗ, ಅಂದರೆ ಲಾಗ್‌ನ (ನೀರಿನಲ್ಲಿ ಹಡಗಿನ ವೇಗ ಅಳೆಯುವ ಉಪಕರಣದ) ವೇಗವೇ ಸರಿಯಾದದ್ದು. ಅದು ಇಲ್ಲದ ಹಡಗಿನಲ್ಲಿ ಅಪಾಯವನ್ನು ರಿಲೇಟಿವ್ ವೆಕ್ಟರ್‌ನಿಂದ (ನಮ್ಮ ಹಡಗಿಗೆ ಸಾಪೇಕ್ಷವಾದ ಚಲನೆಯ ಗೆರೆಯಿಂದ) ಅಳೆಯಿರಿ, ಎದುರಿನವರ ಮುಖವನ್ನು ಕಣ್ಣಿನಿಂದ ಮತ್ತು ದೀಪಗಳಿಂದ ತಿಳಿಯಿರಿ. ಪರದೆಯ ಮೂಲೆಯಲ್ಲಿ ಯಾವ ವೆಕ್ಟರ್ ಎಂದು ಬರೆದಿರುತ್ತದೆ. ಅದನ್ನು ಓದದೆ ಗೆರೆಯನ್ನು ನೋಡಬಾರದು.

ಎ.ಐ.ಎಸ್. ಇರಲಿ, ಅದರಿಂದ ಹೆಸರು ತಿಳಿಯುತ್ತದೆ, ಭೂಶಿರದ ಹಿಂದಿರುವ ಹಡಗೂ ಎಷ್ಟೋ ಸಲ ಸಿಗುತ್ತದೆ. ಆದರೆ ಅದು ಎದುರಿನವರು ತಮ್ಮ ಬಗ್ಗೆ ಕೊಟ್ಟುಕೊಂಡ ಹೇಳಿಕೆ. ಅವರ ಜಿ.ಪಿ.ಎಸ್. ತಪ್ಪಿದ್ದರೆ ಹೇಳಿಕೆಯೂ ತಪ್ಪು, ಮತ್ತು ನೀವು ಹೇಳಿದ ಮರದ ದೋಣಿಯಂಥವುಗಳಲ್ಲಿ ಅನೇಕಕ್ಕೆ ಆ ಉಪಕರಣವೇ ಇರುವುದಿಲ್ಲ. ಎ.ಐ.ಎಸ್. ಗುರುತುಗಳೆಲ್ಲ ತಮ್ಮ ಪ್ರತಿಧ್ವನಿಗಳಿಂದ ಒಂದೇ ಕಡೆಗೆ, ಒಂದೇ ಕೋನದಷ್ಟು ಸರಿದು ನಿಂತಿದ್ದರೆ ಮೊದಲು ನಿಮ್ಮ ದಿಕ್ಕಿನ ಸಂವೇದಕವನ್ನು ಅಥವಾ ಹೆಡಿಂಗ್ ರೇಖೆಯ (ಪರದೆಯಲ್ಲಿ ನಮ್ಮ ಹಡಗಿನ ಮುಖವನ್ನು ತೋರಿಸುವ ಗೆರೆಯ) ಹೊಂದಿಕೆಯನ್ನು ಪರೀಕ್ಷಿಸಿ. ಎರಡನೆಯ ಪ್ರಶ್ನೆಯಲ್ಲಿ ನೀವು ಕಂಡ ಏರಿಳಿತಕ್ಕೂ ಇದು ನಂಟುಳ್ಳ ವಿಷಯ. ಹಡಗು ತಿರುಗುತ್ತಿರುವಾಗ ಅಥವಾ ತಿರುಗಿ ಮುಗಿಸಿದ ಕೂಡಲೇ ಬರುವ ಟಾರ್ಗೆಟ್ ಅಂಕಿಗಳನ್ನು ಬಳಸಬೇಡಿ. ಟಾರ್ಗೆಟ್ ಹಿಡಿದ ಬಳಿಕ ಚಲನೆಯ ಒಲವು 1 ನಿಮಿಷದೊಳಗೆ, ಪೂರ್ಣ ಲೆಕ್ಕ 3 ನಿಮಿಷದೊಳಗೆ ದೊರೆಯಬೇಕೆಂಬುದು ದೊಡ್ಡ ಹಡಗುಗಳ ಉಪಕರಣಗಳಿಗೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಇಟ್ಟಿರುವ ಮಾನದಂಡ. ನಿಮ್ಮ ಯಂತ್ರಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಕೊಡುವುದು ವಿವೇಕ.

ದೂರಸಾಗರ ಅವರ ಮಾತಿನಲ್ಲಿ ಒಂದು ಅಂಶಕ್ಕೆ ನನ್ನ ಪೂರ್ಣ ಸಮ್ಮತಿ ಇಲ್ಲ. ಒಬ್ಬರೇ ವಾಚ್‌ನಲ್ಲಿರುವ ಚಿಕ್ಕ ಹಡಗಿನಲ್ಲಿ ಇಡೀ ರಾತ್ರಿ ಕೈಹೊಂದಿಕೆಯನ್ನೇ ನೆಚ್ಚಿಕೊಂಡರೆ, ಮಳೆ ಬಂದು ಹೋದ ಮೇಲೆ ಗುಂಡಿಗಳು ಹಳೆಯ ಜಾಗದಲ್ಲೇ ಉಳಿದು ಪರದೆ ಕುರುಡಾಗುವುದುಂಟು. ಆಟೋವನ್ನು ನೆಲೆಯಾಗಿ ಇಟ್ಟುಕೊಂಡು, ನಿಗದಿತ ಹೊತ್ತಿಗೊಮ್ಮೆ ಕೈಹೊಂದಿಕೆಗೆ ಬದಲಿಸಿ ಹತ್ತಿರದ 3 ಮೈಲಿಯನ್ನು ಹುಡುಕಿ, ಮತ್ತೆ 12 ಮೈಲಿಗೆ ಹೋಗಿ ದೂರವನ್ನು ನೋಡುವ ಅಭ್ಯಾಸವೇ ಹೆಚ್ಚು ಕ್ಷೇಮ.

ಉತ್ತರ 4: ದೂರಸಾಗರ

ಒಬ್ಬರೇ ಇರುವ ವಾಚ್‌ಗೆ ತಾವು ಹೇಳಿದ ಕ್ರಮವನ್ನು ಒಪ್ಪುತ್ತೇನೆ, ಆದರೆ ಮೀನುಗಾರಿಕಾ ದೋಣಿಗಳು ದಟ್ಟವಾಗಿರುವ ನೀರಿನಲ್ಲಿ ಇನ್ನೊಬ್ಬರನ್ನು ಕಾವಲಿಗೆ ಕರೆಯಬೇಕೇ ಹೊರತು ಆಟೋಗೆ ಮರಳಬಾರದು ಎಂಬ ನನ್ನ ನಿಲುವು ಹಾಗೆಯೇ ಇದೆ. ಮಳೆಯ ವಿಷಯದಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಎಕ್ಸ್ ಬ್ಯಾಂಡ್‌ನ 3 ಸೆಂಟಿಮೀಟರ್ ತರಂಗವನ್ನು ಮಳೆ ಹೆಚ್ಚು ಹೀರುತ್ತದೆ, ಹೆಚ್ಚು ಚದುರಿಸುತ್ತದೆ. 3,000 ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಲ್ಲಿ ಎರಡನೆಯ ರಾಡಾರ್ ಆಗಿ ಸಾಮಾನ್ಯವಾಗಿ 10 ಸೆಂಟಿಮೀಟರ್‌ನ ಎಸ್ ಬ್ಯಾಂಡ್ ಇರುವುದಕ್ಕೆ ಇದೂ ಕಾರಣ. ನಿಮ್ಮಲ್ಲಿ ಅದಿಲ್ಲದ್ದರಿಂದ, ಮಳೆಯ ತೇಪೆಯ ಒಳಗೆ ನೋಡಲು ರೇನ್ ಕ್ಲಟರ್ ಅನ್ನು ಸ್ವಲ್ಪ ಹೊತ್ತು ಏರಿಸಿ, ಅದರ ಹಿಂದೆ ನೋಡಲು ಗೇನ್ ಅನ್ನು ಸ್ವಲ್ಪ ಹೊತ್ತು ಏರಿಸಿ, ನೋಡಿದ ಕೂಡಲೇ ಎರಡನ್ನೂ ಮೊದಲಿನ ಸ್ಥಿತಿಗೆ ತನ್ನಿ.

ಮಾಸ್ಟ್ ಅಥವಾ ಚಿಮಣಿಯಿಂದ ಮರೆಯಾಗುವ ಕೋನಗಳನ್ನು ಶಾಂತ ಹಗಲಿನಲ್ಲಿ ಅಳೆದು, ಪರದೆಯ ಪಕ್ಕದಲ್ಲಿ ಚಿತ್ರ ಬರೆದು ಅಂಟಿಸಿ. ರಾತ್ರಿ ಸಂದೇಹ ಬಂದಾಗ ಹಡಗನ್ನು ಕೆಲವು ಡಿಗ್ರಿ ತಿರುಗಿಸಿ ಆ ಮರೆಯ ಹಿಂದೆ ಇಣುಕಿ ನೋಡಬಹುದು. ಮ್ಯಾಗ್ನೆಟ್ರಾನ್ ಹಳೆಯದಾದಂತೆ ಯಂತ್ರ ಯಾವ ಸದ್ದೂ ಇಲ್ಲದೆ ದುರ್ಬಲವಾಗುತ್ತದೆ. ಪರ್ಫಾರ್ಮೆನ್ಸ್ ಮಾನಿಟರ್ (ಯಂತ್ರದ ಬಲ ಕುಗ್ಗಿದೆಯೇ ಎಂದು ತೋರಿಸುವ ಸಾಧನ) ಇದ್ದರೆ ಪ್ರತಿ ವಾಚ್‌ನಲ್ಲೂ ನೋಡಿ. ಇಲ್ಲದಿದ್ದರೆ ನೀವು ಪದೇ ಪದೇ ಹಾಯುವ ದಾರಿಯ ಒಂದು ತೇಲುಗುರುತು ಎಷ್ಟು ದೂರದಲ್ಲಿ ಮೊದಲು ಕಾಣಿಸಿತು ಎಂಬುದನ್ನು, ಆಗಿನ ಅಲೆ ಮತ್ತು ಮಳೆಯ ಸ್ಥಿತಿಯೊಂದಿಗೆ, ಲಾಗ್ ಪುಸ್ತಕದಲ್ಲಿ ಬರೆಯುತ್ತ ಹೋಗಿ. ಒಂದೇ ತರಹದ ಹವೆಯಲ್ಲಿ ಆ ದೂರ ಸತತವಾಗಿ ಕಡಿಮೆಯಾಗುತ್ತಿದ್ದರೆ ದುರಸ್ತಿಗಾರರನ್ನು ಕರೆಸಿ, ಅವರು ಬರುವವರೆಗೆ ಆ ರಾಡಾರ್‌ನ ಬಲದ ಮೇಲೆ ವೇಗವನ್ನು ನಿರ್ಧರಿಸಬೇಡಿ.